ರಿಬಾಂಡಿಂಗ್ ಮೊದಲು, ಎಕ್ಸ್‌ಟೆನ್ಷನ್ ಆಮೇಲೆ: ನಡುವೆ ಎರಡು ವಾರ ಬಿಡಿ

ಮದುವೆ ಸೀಸನ್ ಬಂತೆಂದರೆ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಪಾರ್ಲರ್‌ಗಳಲ್ಲಿ ಒಂದು ಬೇಡಿಕೆ ಇದ್ದೇ ಇರುತ್ತದೆ: ರಿಬಾಂಡಿಂಗ್ ಮಾಡಿ ಕೂದಲು ನೇರ ಮಾಡಿ, ಉದ್ದಕ್ಕೆ ಎಕ್ಸ್‌ಟೆನ್ಷನ್ ಹಾಕಿ, ಎರಡೂ ಇವತ್ತೇ ಮುಗಿಯಲಿ. ಎರಡೂ ಒಂದೇ ತಲೆಯ ಮೇಲೆ ಆಗುವ ಕೆಲಸಗಳೇ. ಒಂದೇ ದಿನ ಮಾತ್ರ ಬೇಡ.

ಕೂದಲಿನ ಪ್ರೋಟೀನ್ ಆದ ಕೆರಾಟಿನ್‌ಗೆ ಗಟ್ಟಿತನ ಕೊಡುವುದು ಗಂಧಕದ ಬಂಧಗಳು. ರಿಬಾಂಡಿಂಗ್ ಕ್ರೀಮಿನಲ್ಲಿರುವ ಥಯೋಗ್ಲೈಕೊಲೇಟ್ ಅವುಗಳನ್ನು ಬಿಡಿಸುತ್ತದೆ, ಬಿಸಿ ಐರನ್ ಎಳೆಯನ್ನು ನೇರ ಮಾಡುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಇರುವ ನ್ಯೂಟ್ರಲೈಜರ್ ಬಂಧಗಳನ್ನು ಹೊಸ ಜಾಗದಲ್ಲಿ ಬೆಸೆಯುತ್ತದೆ. ಬಿಡಿಸಿದ್ದೆಲ್ಲ ಮರಳಿ ಕೂಡುವುದಿಲ್ಲ. ಎಷ್ಟೇ ಚೆನ್ನಾಗಿ ಮಾಡಿದರೂ ಎಳೆ ಮೊದಲಿಗಿಂತ ಸೊರಗಿರುತ್ತದೆ. ಅದರ ಮೇಲೆ ನೂರು ಗ್ರಾಂ ಬೇರೆ ಕೂದಲು ನೇತುಹಾಕುತ್ತಿದ್ದೇವೆ ಎಂಬುದು ನೆನಪಿರಲಿ.

ಶುರುವಿಗೂ ಮುನ್ನ

ಹಳೆಯ ಲೆಕ್ಕ ಕೇಳಿ. ಬಣ್ಣ, ಬ್ಲೀಚ್, ಮೆಹಂದಿ, ಹಿಂದಿನ ಸ್ಟ್ರೇಟ್ನಿಂಗ್, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ‘ಕಪ್ಪು ಮೆಹಂದಿ’ ಹೆಸರಿನ ಕೆಲವು ಪುಡಿಗಳಲ್ಲಿ ಲೋಹದ ಲವಣ ಇರುತ್ತದೆ. ಅದು ಪೆರಾಕ್ಸೈಡ್ ಜೊತೆ ಸೇರಿದರೆ ಕೂದಲು ಬಿಸಿಯೇರಿ ತುಂಡಾಗುತ್ತದೆ. ಅನುಮಾನವಿದ್ದರೆ ಗಾಜಿನ ಲೋಟದಲ್ಲಿ 30 ಮಿ.ಲೀ. 20 ವಾಲ್ಯೂಮ್ ಪೆರಾಕ್ಸೈಡ್‌ಗೆ 28% ಅಮೋನಿಯಾ 20 ಹನಿ ಹಾಕಿ, ಬಾಚಣಿಗೆಗೆ ಸಿಕ್ಕಿದ ಕೂದಲನ್ನು 30 ನಿಮಿಷ ಮುಳುಗಿಸಿಡಿ. ನೊರೆ ಬಂದರೆ, ಲೋಟ ಬಿಸಿಯಾದರೆ, ಬಣ್ಣ ಥಟ್ಟನೆ ಬದಲಾದರೆ ರಿಬಾಂಡಿಂಗ್ ಆಸೆ ಬಿಟ್ಟುಬಿಡಿ. ಇದನ್ನು ಪಾರ್ಲರ್‌ನವರೇ ಮಾಡಬೇಕು, ಕಿಟಕಿ ತೆರೆದಿಟ್ಟು.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಒದ್ದೆ ಮಾಡಿದ ಒಂದು ಎಳೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಸ್ವಲ್ಪ ಹಿಗ್ಗಿ ಮತ್ತೆ ಮೊದಲಿನಂತಾದರೆ ಕೂದಲು ಚೆನ್ನಾಗಿದೆ. ಎಳೆದ ಹಾಗೇ ಸಡಿಲವಾಗಿ ಉಳಿದರೆ, ಅಥವಾ ಹಿಗ್ಗದೆ ಪಟ್ಟನೆ ಕಡಿದರೆ, ಈ ವರ್ಷಕ್ಕೆ ಕ್ಲಿಪ್ ಎಕ್ಸ್‌ಟೆನ್ಷನ್ ಮಾತ್ರ ಸಾಕು. ನೆತ್ತಿಯಲ್ಲಿ ಗಾಯ, ಹುಳುಕಡ್ಡಿ ಇದ್ದವರು, ಗರ್ಭಿಣಿಯರು, ಹಾಲೂಡಿಸುವವರು ಮುಂದಕ್ಕೆ ಹಾಕುವುದೇ ಸರಿ.

ಡಬ್ಬದ ಮೇಲೆ ಬರೆದಿರುವುದನ್ನು ಓದಿ. ಥಯೋಗ್ಲೈಕೊಲೇಟ್ ಬಳಸಿದ ಕೂದಲಿಗೆ ಮುಂದೆ ಯಾವತ್ತೂ ಸೋಡಿಯಂ ಹೈಡ್ರಾಕ್ಸೈಡ್ ರಿಲ್ಯಾಕ್ಸರ್ (ಕೂದಲು ನೇರ ಮಾಡುವ ಇನ್ನೊಂದು ಬಗೆಯ ಕ್ರೀಮ್) ಹಚ್ಚಬಾರದು. ಎರಡರ ಕೆಲಸದ ರೀತಿಯೇ ಬೇರೆ, ಸೇರಿದಲ್ಲಿ ಕೂದಲು ಕರಗಿದಂತೆ ಕಿತ್ತು ಬರುತ್ತದೆ. ‘ಕೆರಾಟಿನ್’ ಎಂದು ಮಾರುವ ಕೆಲವು ದ್ರವಗಳು ಐರನ್ ತಾಗಿದಾಗ ಫಾರ್ಮಾಲ್ಡಿಹೈಡ್ ಹೊಗೆ ಬಿಡುತ್ತವೆ. ಮಳೆಗಾಲದಲ್ಲಿ ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿ ಕೂರುವ ನಮ್ಮ ಊರುಗಳಲ್ಲಿ ಇದು ಇನ್ನಷ್ಟು ಕೆಟ್ಟದ್ದು. ಫಾರ್ಮಾಲ್ಡಿಹೈಡ್ ಇಲ್ಲ ಎಂದು ಗ್ಲೈಯಾಕ್ಸಿಲಿಕ್ ಆಮ್ಲದ ಸ್ಟ್ರೇಟ್ನಿಂಗ್ ಕ್ರೀಮ್ ಮಾರುವವರೂ ಇದ್ದಾರೆ. ಅಂಥದ್ದನ್ನು ಹಚ್ಚಿಸಿಕೊಂಡವರ ಮೂತ್ರಪಿಂಡಕ್ಕೆ ತೊಂದರೆಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ.

ರಿಬಾಂಡಿಂಗ್ ದಿನ

ಹಿಂದಿನ ದಿನ ಎಣ್ಣೆ ಬೇಡ, ತುರಿಸಿಕೊಳ್ಳುವುದೂ ಬೇಡ. ಕಂಡೀಶನರ್ ಹಚ್ಚದೆ ಶಾಂಪೂ ಮಾಡಿ, ಒಣಗಿಸಿ, ತಲೆಯನ್ನು ನಾಲ್ಕು ಭಾಗ ಮಾಡಿಕೊಳ್ಳಬೇಕು. ಹಣೆ, ಕಿವಿ, ಕುತ್ತಿಗೆಗೆ ವ್ಯಾಸಲಿನ್ ಸವರಿ. ಭುಜದುದ್ದದ ಸಾಧಾರಣ ಕೂದಲಿಗೆ 100ರಿಂದ 150 ಗ್ರಾಂ ಕ್ರೀಮ್ ಸಾಕು. ಹಿಂದಿನಿಂದ ಶುರು ಮಾಡಿ, ಅರ್ಧ ಸೆಂ.ಮೀ. ದಪ್ಪದ ಪದರಗಳಿಗೆ, ನೆತ್ತಿಯಿಂದ ಒಂದು ಸೆಂ.ಮೀ. ಬಿಟ್ಟು ಹಚ್ಚಬೇಕು. ನೆತ್ತಿಗೆ ತಾಗಿದರೆ ಉರಿ. ಬುಡದಲ್ಲಿ ಕ್ರೀಮ್ ಹೆಚ್ಚಾದರೆ ಕೂದಲು ಬುಡದಲ್ಲೇ ಕಡಿಯುತ್ತದೆ, ಆಮೇಲೆ ಎಕ್ಸ್‌ಟೆನ್ಷನ್ ಕಚ್ಚಿಸಲು ಜಾಗವೇ ಇರುವುದಿಲ್ಲ.

ಸಮಯವನ್ನು ಗಡಿಯಾರಕ್ಕೆ ಬಿಡಬೇಡಿ. ಕಂಪನಿ ಹೇಳಿದ ಗರಿಷ್ಠ ಹೊತ್ತು ಮೀರಬಾರದು, ಅದಕ್ಕೂ ಮೊದಲು 5 ನಿಮಿಷಕ್ಕೊಮ್ಮೆ ಒಂದು ಎಳೆಯನ್ನು ಒರೆಸಿ ಬೆರಳಿಗೆ ಸುತ್ತಿ ನೋಡಿ. ಬಿಟ್ಟಾಗ ಕೂದಲಿನ ಹಳೆಯ ಸುರುಳಿ ಮರಳದಿದ್ದರೆ ತೊಳೆಯಲು ಹೊತ್ತಾಯಿತು. ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ತೊಳೆಯಿರಿ. ಕೂದಲಲ್ಲಿ ಕ್ರೀಮ್ ಉಳಿದರೆ ಅದು ಬಂಧಗಳನ್ನು ಬಿಡಿಸುತ್ತಲೇ ಇರುತ್ತದೆ.

ಪೂರ್ತಿ ಒಣಗಿದ ಮೇಲೆಯೇ ಐರನ್. ಒದ್ದೆ ಕೂದಲಿಗೆ ಐರನ್ ಇಟ್ಟರೆ ಒಳಗಿನ ನೀರು ಕುದಿದು ಎಳೆಯಲ್ಲಿ ಗುಳ್ಳೆ ಏಳುತ್ತದೆ. ದಪ್ಪ ಕೂದಲಿಗೆ 180 ಡಿಗ್ರಿ ಸೆಲ್ಸಿಯಸ್, ತೆಳು ಅಥವಾ ಬಣ್ಣ ಹಾಕಿದ ಕೂದಲಿಗೆ 150 ಡಿಗ್ರಿ ಆಸುಪಾಸು. ಬಳಿಕ ನ್ಯೂಟ್ರಲೈಜರನ್ನು ಬುಡದಿಂದ ತುದಿವರೆಗೆ ಒಂದು ಎಳೆಯೂ ತಪ್ಪದಂತೆ ಹಚ್ಚಿ, ಹೇಳಿದಷ್ಟು ಹೊತ್ತು ಬಿಟ್ಟು ತೊಳೆಯಬೇಕು. ಅಂದಹಾಗೆ, ಕರೆಂಟ್ ಯಾವಾಗ ಹೋಗುತ್ತದೋ ಎಂಬ ಮಳೆಗಾಲದಲ್ಲಿ ಇನ್ವರ್ಟರ್ ನೆಚ್ಚಿ ಕೂರಬೇಡಿ. ಬಹಳಷ್ಟು ಮನೆ ಇನ್ವರ್ಟರ್‌ಗಳು ಡ್ರೈಯರ್ ಎಳೆಯುವುದಿಲ್ಲ. ಕ್ರೀಮ್ ತೊಳೆದು ನ್ಯೂಟ್ರಲೈಜರ್‌ವರೆಗೆ ಹೋಗಲಾಗದೆ ನಿಂತರೆ ನಷ್ಟ ಕೂದಲಿಗೆ. ಜನರೇಟರ್ ಇರುವ ಪಾರ್ಲರ್ ಹಿಡಿಯಿರಿ.

ಮೂರು ದಿನ ತಲೆಗೆ ನೀರು, ಕ್ಲಿಪ್, ರಬ್ಬರ್‌ಬ್ಯಾಂಡ್, ಕಿವಿಯ ಹಿಂದೆ ಸಿಕ್ಕಿಸುವುದು, ಯಾವುದೂ ಬೇಡ. ಎಕ್ಸ್‌ಟೆನ್ಷನ್‌ಗೆ ಎರಡು ವಾರ ಕಾಯಿರಿ. ಈ ಹದಿನಾಲ್ಕು ದಿನದಲ್ಲಿ ಕೂದಲು ತನ್ನ ಬಣ್ಣ ಬಯಲು ಮಾಡುತ್ತದೆ. ಎರಡು ಮೂರು ಸ್ನಾನದ ಬಳಿಕವೂ ತುಂಡು ತುಂಡು ಎಳೆ ಉದುರುತ್ತಿದ್ದರೆ ಅಂಟಿಸುವ ಮಾತೇ ಬೇಡ.

ಯಾವುದು ಹಾಕಿಸುವುದು?

ಮದುವೆ, ರಿಸೆಪ್ಶನ್‌ಗೆಂದರೆ ಕ್ಲಿಪ್‌ನದ್ದೇ ಸಾಕು, ರಾತ್ರಿ ಬಿಚ್ಚಿಟ್ಟರಾಯಿತು. ಎರಡು ತಿಂಗಳು ಇರಬೇಕೆಂದರೆ ಅಂಟುಪಟ್ಟಿಯಿಂದ ಕೂರಿಸುವ ಟೇಪ್. ಬಿಸಿ ಅಂಟಿನ ಬಾಂಡ್ ಮತ್ತು ಬಿಗಿ ಜಡೆಗೆ ಹೊಲಿಯುವ ವೀವಿಂಗ್ ರಿಬಾಂಡಿಂಗ್ ಆದ ತಲೆಗೆ ಸಲ್ಲದು: ಒಂದರಲ್ಲಿ ಮತ್ತೆ ಬಿಸಿ, ಇನ್ನೊಂದರಲ್ಲಿ ಒಂದೇ ಕಡೆ ಎಳೆತ. ತೂಕ ಒಟ್ಟು 100 ಗ್ರಾಂ ಮೀರದಿರಲಿ, ತೆಳು ಕೂದಲಿಗೆ 60 ಸಾಕು.

ಕೊಳ್ಳುವಾಗ ಬುಡ ತುದಿ ಒಂದೇ ದಿಕ್ಕಿಗಿರುವ ರೆಮಿ ಮಾನವ ಕೂದಲನ್ನೇ ಕೇಳಿ. ಎರಡು ಬೆರಳ ನಡುವೆ ತುದಿಯಿಂದ ಬುಡದ ಕಡೆಗೆ ಜಾರಿಸಿದರೆ ತುಸು ತಡೆಯಬೇಕು. ಎರಡೂ ದಿಕ್ಕಿಗೂ ಗಾಜಿನಂತೆ ಜಾರಿದರೆ ಅದಕ್ಕೆ ಸಿಲಿಕೋನ್ ಬಳಿದಿರಬಹುದು, ನಾಲ್ಕು ಸ್ನಾನಕ್ಕೆ ಸಿಕ್ಕುಗಟ್ಟುತ್ತದೆ. ಎಕ್ಸ್‌ಟೆನ್ಷನ್‌ಗೆ ರಿಬಾಂಡಿಂಗ್ ಕ್ರೀಮ್ ಹಚ್ಚುವ ಸಾಹಸ ಬೇಡ, ನೇರವಾಗಿರುವುದನ್ನೇ ಕೊಳ್ಳಿ. ಅಂಗಡಿಯ ನೈಲಾನ್ ಚೌರಿ ಐರನ್ ಶಾಖಕ್ಕೆ ಕರಗುತ್ತದೆ.

ಕೂರಿಸುವ ಜಾಗ

ಟೇಪ್ ಹಾಕುವ ದಿನ ಬುಡದಲ್ಲಿ ಎಣ್ಣೆ, ಕಂಡೀಶನರ್ ಇರಬಾರದು. ಎರಡು ಪಟ್ಟಿಗಳ ನಡುವೆ ನಿಮ್ಮ ಕೂದಲಿನ ತೆಳು ಪದರ ಇರಬೇಕು, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು. ದಪ್ಪವಾದರೆ ಅಂಟು ಅಂಟಿಗೆ ಸೇರದೆ ಜಾರುತ್ತದೆ. ತೀರಾ ಕಡಿಮೆಯಾದರೆ ಭಾರವೆಲ್ಲ ನಾಲ್ಕಾರು ಎಳೆಯ ಮೇಲೆ. ನೆತ್ತಿಯಿಂದ ಅರ್ಧ ಸೆಂ.ಮೀ. ದೂರ ಬಿಡಿ. ಹಣೆಯ ಅಂಚು, ಕೆನ್ನೆ ಪಕ್ಕದ ಎಳೆಗೂದಲು ಮುಟ್ಟಬೇಡಿ. 48 ಗಂಟೆ ತಲೆ ತೊಳೆಯಬಾರದು.

ಕೊಡವ ಮದುಮಗಳಿಗೆ ಒಂದು ಮಾತು. ಗಂಗಾಪೂಜೆಯಲ್ಲಿ ಬಿಂದಿಗೆ ಹೊತ್ತು, ಎದುರು ಕುಣಿಯುವವರು ದಾರಿ ಬಿಡುವವರೆಗೆ ನಿಲ್ಲಬೇಕು. ಬಿಂದಿಗೆ ಕೂರುವ ನಡುನೆತ್ತಿಯಲ್ಲಿ ಒಂದೂ ಕ್ಲಿಪ್, ಟೇಪ್ ಇರಬಾರದು, ಒತ್ತುತ್ತದೆ, ಕೀಳುತ್ತದೆ. ಕಿವಿಯ ಮೇಲಂಚಿನ ಗೆರೆಯಿಂದ ಕೆಳಗೇ ಎಲ್ಲವೂ ಮುಗಿಯಲಿ. ರಿಬಾಂಡಿಂಗ್ ಆದ ಕೂದಲಲ್ಲಿ ಕ್ಲಿಪ್ ಜಾರುತ್ತದೆ ಎಂದು ತುದಿಯಿಂದ ಬುಡದ ಕಡೆಗೆ ಬಾಚಿ ಉಬ್ಬಿಸಬೇಡಿ. ಕ್ಲಿಪ್ ಕೂರುವ ಜಾಗದಲ್ಲಿ ಬೆರಳಗಲದ ಸಣ್ಣ ಜಡೆ ಸಡಿಲವಾಗಿ ಹೆಣೆದು ಅದಕ್ಕೆ ಹಲ್ಲು ಕಚ್ಚಿಸಿ. ದಿನವಿಡೀ ತುರುಬಿನಲ್ಲೇ ಇರುವವರಿಗೆ ಈ ಖರ್ಚೆಲ್ಲ ಯಾಕೆ ಎಂಬುದು ಬೇರೆ ಮಾತು.

ಆಮೇಲೆ

ಟೇಪ್ ಇರುವಷ್ಟು ದಿನ ತೆಂಗಿನೆಣ್ಣೆ ತುದಿಗೆ ಮಾತ್ರ, ಬುಡಕ್ಕೆ ಹೋದರೆ ಅಂಟು ಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೇಪಿನ ಸುತ್ತ ಕೂದಲು ತಾನಾಗಿ ಒಣಗದು. ಒದ್ದೆಯಲ್ಲೇ ಮಲಗಿದರೆ ಬುಡ ಸಿಕ್ಕುಗಟ್ಟಿ, ವಾಸನೆ, ತುರಿಕೆ ಶುರು. ಬೆಳಿಗ್ಗೆಯೇ ಸ್ನಾನ ಮುಗಿಸಿ ಡ್ರೈಯರಿನ ತಣ್ಣನೆ ಗಾಳಿಯಲ್ಲಿ ಬುಡ ಒಣಗಿಸಿ. ಒಲೆಯ ಮುಂದೆ ಕೂತು ಒಣಗಿಸುವ ಅಭ್ಯಾಸ ಈಗ ಬೇಡ, ಶಾಖಕ್ಕೆ ಟೇಪ್ ಮೆತ್ತಗಾಗುತ್ತದೆ.

ಕಟ್ಟಿದಾಗ ನೋವು, ಹಣೆಯಂಚಿನಲ್ಲಿ ಸಣ್ಣ ಗುಳ್ಳೆ ಕಂಡರೆ ಎಳೆತ ಜಾಸ್ತಿಯಾಗಿದೆ, ಅಂದೇ ತೆಗೆಸಿ. ಇಲ್ಲದಿದ್ದರೆ 6ರಿಂದ 8 ವಾರ. ಅಷ್ಟರಲ್ಲಿ ಬುಡ ಎರಡು ಸೆಂ.ಮೀ. ಬೆಳೆದು ಸುರುಳಿ ಇಣುಕುತ್ತದೆ. ಮೈಸೂರು, ಬೆಂಗಳೂರಲ್ಲಿ ಹಾಕಿಸಿದವರು ತೆಗೆಸುವ ದಿನವನ್ನೂ ಅಲ್ಲೇ ಗೊತ್ತುಮಾಡಿಕೊಂಡು ಬನ್ನಿ. ರಿಮೂವರ್ ಹಾಕಿ ಬಿಡಿಸಿದಾಗ ಹಿಡಿ ಕೂದಲು ಕಂಡು ಹೆದರಬೇಡಿ: ದಿನಕ್ಕೆ 50ರಿಂದ 100 ಎಳೆ ಉದುರುವುದು ಸಹಜ, ಅಂಟಿನಲ್ಲಿ ಸಿಕ್ಕವು ಈಗ ಬರುತ್ತವೆ. ನೀರು ತಾಗಿಸುವ ಮೊದಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಅವನ್ನೆಲ್ಲ ಬಾಚಿ ತೆಗೆಯಬೇಕು, ಒದ್ದೆಯಾದರೆ ಗಂಟಾಗಿ ಕತ್ತರಿಯೇ ಗತಿ. ಟಚಪ್ ಬೇಕಿದ್ದರೆ ಮತ್ತೆರಡು ವಾರ ಬಿಟ್ಟು, ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಕ್ರೀಮ್ ಹಚ್ಚಿಸಿ.