ಮೊದಲು ನೋಟ, ಆಮೇಲೆ ಉಪನ್ಯಾಸ

ತುಮಕೂರಿನ ನಮ್ಮ ಕಲಾಸಂಘದ ವರ್ಷದ ಕಾರ್ಯಕ್ರಮಗಳನ್ನು ಹೊಂದಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ತಲೆಗೆ ಬಿದ್ದಿದೆ. ಉಪನ್ಯಾಸಗಳು, ಒಂದು ದಿನದ ಪ್ರವಾಸಗಳು, ಇಷ್ಟೇ ನಮ್ಮ ಬಂಡವಾಳ. ಸಾಮಾನ್ಯವಾಗಿ ವಿದ್ವಾಂಸರನ್ನು ಕರೆಸಿ ಮಾತನಾಡಿಸಿದ ಮೇಲೆ ಆ ಜಾಗ ತೋರಿಸಲು ಹೊರಡುತ್ತಾರೆ. ನಾನು ಅದನ್ನು ತಿರುವಿ ಹಾಕಿದೆ. ಪ್ರವಾಸ ಮುಗಿದು ಹದಿನೈದು ದಿನವಾದ ಮೇಲೆ ಉಪನ್ಯಾಸ. ಕಣ್ಣಾರೆ ಕಾಣದ ದೇವಸ್ಥಾನದ ಬಗ್ಗೆ ಒಂದು ಗಂಟೆ ಕೇಳಿದರೆ ಎಂಥವರಿಗೂ ಆಕಳಿಕೆ ಬರುತ್ತದೆ. ನೋಡಿ ಬಂದವರಾದರೆ ಜಗಳಕ್ಕೆ ಸಿದ್ಧರಾಗಿಯೇ ಬಂದು ಕೂರುತ್ತಾರೆ. ಸಭೆಗೆ ಬೇಕಾದ್ದು ಆ ಜಗಳ.

ಕೈದಾಳದ್ದನ್ನೇ ಹೇಳುತ್ತೇನೆ. ಗೂಳೂರು ದಾಟಿದರೆ ಸಿಗುವ ಊರು, ನಮಗೆ ತೀರಾ ಹತ್ತಿರ. ಹೊಯ್ಸಳ ಒಂದನೇ ನರಸಿಂಹನ ಸಾಮಂತ ಗೂಳಿ ಬಾಚಿ 1150ರ ಸುಮಾರಿಗೆ ಕಟ್ಟಿಸಿದ ಚೆನ್ನಕೇಶವ ದೇವಾಲಯ ಅಲ್ಲಿದೆ. ಆದರೆ ಗೂಳಿ ಬಾಚಿಯ ಹೆಸರು ನಮ್ಮವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಜಕಣಾಚಾರಿ ಮತ್ತು ಅವನು ಕಡಿದುಕೊಂಡ ಕೈ ಇಲ್ಲಿ ಮರಳಿ ಬಂದ ಕಥೆ. ಆ ಕಥೆಯನ್ನು ಮೆಲುಕು ಹಾಕುತ್ತಲೇ ದೇವರನ್ನು ನೋಡಿ, ಕೈಮುಗಿದು ಬಂದರು. ಹದಿನೈದು ದಿನದ ನಂತರ ಉಪನ್ಯಾಸಕರು, ಹೊಯ್ಸಳರ ಶಾಸನಗಳಲ್ಲಿ ಜಕಣಾಚಾರಿ ಎಂಬ ಶಿಲ್ಪಿಯ ಹೆಸರು ಸಿಗುವುದಿಲ್ಲ ಎಂದಾಗ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತರು.

“ಹಾಗಾದರೆ ನಮ್ಮ ತಾತ ಹೇಳಿದ್ದು ಸುಳ್ಳೇನು ಸ್ವಾಮಿ?”

“ತಾತ ಹೇಳಿದ್ದು ಕಥೆ ಯಜಮಾನರೇ, ಕಥೆಯನ್ನು ಸುಳ್ಳು ಅನ್ನಲು ನಾನು ಯಾರು? ಆದರೆ ಕಲ್ಲಿನ ಮೇಲೆ ಹೆಸರು ಕೆತ್ತಿಟ್ಟು ಹೋದವರನ್ನು ನಾವು ಕೇಳುವುದೇ ಇಲ್ಲವಲ್ಲ, ಅದೇ ನನ್ನ ಸಂಕಟ.”

ಬೇಲೂರಿನಲ್ಲಿ ಕೆಲಸ ಮಾಡಿದ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದ ಮಲ್ಲಿತಮ್ಮ, ನಮ್ಮ ಜಿಲ್ಲೆಯ ಅರಳಗುಪ್ಪೆಯಲ್ಲಿ ಕೆತ್ತಿದ ಹೊನೋಜ, ಹೀಗೆ ಹೆಸರುಗಳು ಬಂದವು. ಆ ಹಿರಿಯರು ಕೂರುವ ಮೊದಲೇ ಕೇಳಿದರು: “ಅರಳಗುಪ್ಪೆಗೆ ಯಾವಾಗ ಹೋಗುವುದು?” ಮುಂದಿನ ಪ್ರವಾಸ ಅಲ್ಲೇ ನಿಶ್ಚಯವಾಯಿತು. ಈಗ ನಾನು ಇಡೀ ವರ್ಷದ ಪಟ್ಟಿಯನ್ನು ಮೊದಲೇ ತುಂಬುವುದಿಲ್ಲ. ಒಂದು ಸಭೆಯಲ್ಲಿ ಎದ್ದ ತಕರಾರು ಮುಂದಿನ ಊರನ್ನು ಆರಿಸಲಿ ಎಂದು ಬಿಟ್ಟಿದ್ದೇನೆ.

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ನೋಡಬೇಕಾದ್ದು ಎರಡು ಗುಡಿಗಳು. ಹೊನೋಜನ ಹೆಸರಿರುವುದು ಚೆನ್ನಕೇಶವನ ಗೋಡೆಗಳಲ್ಲಿ. ಕಲ್ಲೇಶ್ವರ ಅದಕ್ಕಿಂತ ಬಹಳ ಹಳೆಯದು. ಅದರ ಮಂಟಪದ ಚಾವಣಿಯಲ್ಲಿ ನಟರಾಜನೂ ಸುತ್ತ ಎಂಟು ದಿಕ್ಪಾಲಕರೂ ಇದ್ದಾರೆ. ಕತ್ತೆತ್ತಿ ನೋಡಿದರೆ ಎರಡು ನಿಮಿಷಕ್ಕೆ ಕುತ್ತಿಗೆ ಹಿಡಿಯುತ್ತದೆ, ನಮ್ಮಲ್ಲಿ ಅರವತ್ತು ದಾಟಿದವರೇ ಹೆಚ್ಚು. ಅದಕ್ಕೆ ಅರ್ಚಕರ ಅನುಮತಿ ಕೇಳಿ ಜಮಖಾನ ಹಾಸಿ, ನಾಲ್ಕು ನಾಲ್ಕು ಜನರನ್ನು ಅಂಗಾತ ಮಲಗಿಸಿದೆ. ಮಲಗಲಾರದವರ ಕೈಗೆ ಮುಖ ನೋಡುವ ಕನ್ನಡಿ. ಟಾರ್ಚನ್ನು ನೇರ ಕೆಳಗಿನಿಂದ ಬಿಡಬಾರದು, ಶಿಲ್ಪ ಚಪ್ಪಟೆಯಾಗಿ ಕಾಣುತ್ತದೆ. ಕಂಬದ ಪಕ್ಕ ನಿಂತು ಓರೆಯಾಗಿ ಹಾಯಿಸಿದರೆ ನೆರಳು ಬಿದ್ದು ಮದ್ದಳೆಯವನ ಬೆರಳುಗಳು ಕೂಡ ಎದ್ದು ಬರುತ್ತವೆ. ನಾಲ್ಕು ಪುಟದ ಟಿಪ್ಪಣಿ ಹಂಚುವ ಅಭ್ಯಾಸ ನನಗಿಲ್ಲ. ಒಂದೇ ಪ್ರಶ್ನೆ ಕೊಡುತ್ತೇನೆ. ಅಂದಿನದು: ಕೋಣದ ಮೇಲಿರುವವನು ಯಾವ ದಿಕ್ಕಿನಲ್ಲಿದ್ದಾನೆ? ಯಮನನ್ನು ಹುಡುಕುತ್ತ ಹೋದವರಿಗೆ ಆನೆಯ ಇಂದ್ರ, ಟಗರಿನ ಅಗ್ನಿ, ಮೊಸಳೆಯ ವರುಣ ತಾವಾಗಿಯೇ ಸಿಕ್ಕರು.

ಉಪನ್ಯಾಸಕರನ್ನು ಪ್ರವಾಸಕ್ಕೆ ಕರೆದೊಯ್ಯುವುದಿಲ್ಲ. ಇದನ್ನು ಕೆಲವರು ಅವಮಾನವೆಂದು ತಿಳಿದರು. ಆದರೆ ವಿಷಯ ಬಲ್ಲವರು ಜೊತೆಗಿದ್ದರೆ ಎಲ್ಲರೂ ಅವರ ಬಾಯಿ ನೋಡುತ್ತಾರೆ, ಗೋಡೆ ನೋಡುವುದಿಲ್ಲ. ಮರಳುವಾಗ ವಾಹನದಲ್ಲೇ ಚೀಟಿ ಹಂಚಿ ಪ್ರಶ್ನೆ ಬರೆಸಿಕೊಂಡು, ವಾರ ಮೊದಲೇ ಉಪನ್ಯಾಸಕರಿಗೆ ವಾಟ್ಸಾಪಿನಲ್ಲಿ ಕಳುಹಿಸುತ್ತೇನೆ. ವೇದಿಕೆಯ ಮೇಲೆ ಒಂದು ಕುರ್ಚಿ, ಒಂದು ಮೈಕು. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಅಧ್ಯಕ್ಷೀಯ ನುಡಿ ಎಲ್ಲ ಮುಗಿದು ಉಪನ್ಯಾಸಕರ ಸರದಿ ಬರುವಾಗ ಜನ ಬಸ್ಸಿನ ಸಮಯ ನೋಡಿಕೊಳ್ಳುವ ಸಭೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಶಾಲು, ಹಾರ, ಸ್ಮರಣಿಕೆಯ ಹಣವನ್ನು ಸಂಭಾವನೆಗೇ ಸೇರಿಸಿ ಲಕೋಟೆಯಲ್ಲಿ ಕೊಟ್ಟುಬಿಡುತ್ತೇವೆ. ಬೇಸರ ಪಟ್ಟವರು ಇನ್ನೂ ಯಾರೂ ಸಿಕ್ಕಿಲ್ಲ.

ಎಲ್ಲವೂ ಕಲ್ಲಿನದ್ದೇ ಆಗಬಾರದಲ್ಲ. ಗೂಳೂರಿನ ಮಣ್ಣಿನ ಗಣಪತಿಯನ್ನು ದೀಪಾವಳಿಯ ನಂತರ ಊರಿಗೆ ಊರೇ ಹೋಗಿ ನೋಡುತ್ತದೆ. ಅದರ ಕೆಲಸ ಶುರುವಾಗುವುದು ಗಣೇಶ ಚೌತಿಗೆ. ನಾವು ನಡುವೆ ಹೋದೆವು. ಬಣ್ಣವಿಲ್ಲದ, ಪೂರ್ತಿ ರೂಪ ತಳೆಯದ ಗಣಪತಿಯ ಮುಂದೆ ಕೈಮುಗಿಯಬೇಕೋ ಬೇಡವೋ ಎಂದು ನಮ್ಮ ಹೆಂಗಸರಲ್ಲಿ ಗುಸುಗುಸು. ಒಬ್ಬರು ಮುಗಿದರು, ಒಬ್ಬರು ಮಣ್ಣು ಮುಟ್ಟಿ ನೋಡಿದರು. ಬಿಜಾಪುರದ ಸುಲ್ತಾನರ ಪರವಾಗಿ ಶಿರಾವನ್ನು ಆಳಿದ ಮಲ್ಲಿಕ್ ರೆಹಾನನ ಗೋರಿಗೂ ಶಿರಾಕ್ಕೆ ಹೋಗಿಬಂದೆವು. ಅದರ ಉಪನ್ಯಾಸ ಇನ್ನೂ ಆಗಬೇಕಾಗಿದೆ.

ಉಳಿದದ್ದೆಲ್ಲ ಹೊರಡಿಸುವ ತಾಪತ್ರಯ. ಹಳ್ಳಿಯ ಗುಡಿಗೆ ಬೆಳಗಿನ ಪೂಜೆ ಮುಗಿದೊಡನೆ ಬೀಗ ಬೀಳುತ್ತದೆ. ಹಿಂದಿನ ದಿನವೂ ಹೊರಡುವ ಮುನ್ನವೂ ಅರ್ಚಕರಿಗೆ ಫೋನ್ ಮಾಡಲೇಬೇಕು. ಶೌಚಾಲಯ ಎಲ್ಲಿದೆಯೆಂದು ಮೊದಲೇ ನೋಡಿಕೊಂಡಿರಬೇಕು, ಇಲ್ಲದಿದ್ದರೆ ಮುಂದಿನ ಸಲ ಹೆಂಗಸರು ಬರುವುದಿಲ್ಲ. ಬುತ್ತಿಗೆ ಪುಳಿಯೋಗರೆ, ಮೊಸರನ್ನ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಹೊರಡೋಣ ಎಂಬ ಬೇಡಿಕೆ ಪ್ರತಿ ಬಾರಿ ಬರುತ್ತದೆ. ಅದಿರುವುದು ಬೆಂಗಳೂರಿನ ದಿಕ್ಕಿಗೆ, ನಮ್ಮ ಹೊಯ್ಸಳರು ಹೆಚ್ಚಾಗಿ ತಿಪಟೂರು, ತುರುವೇಕೆರೆಯ ದಿಕ್ಕಿಗೆ. ನಾನು ಇನ್ನೂ ಜಗ್ಗಿಲ್ಲ.

ಮುಂದಿನದು ನೊಣವಿನಕೆರೆ ಬಳಿಯ ವಿಘ್ನಸಂತೆ, 1286ರ ಲಕ್ಷ್ಮೀನರಸಿಂಹ ದೇವಾಲಯ. ಒಂದೇ ಗುಡಿಗೆ ಮೂರು ಗರ್ಭಗುಡಿಗಳು ಏಕೆ ಎಂಬ ಪ್ರಶ್ನೆ ಸಿದ್ಧವಾಗಿದೆ, ಉತ್ತರಿಸುವವರೂ ಒಪ್ಪಿದ್ದಾರೆ. ಮಿನಿ ಬಸ್ಸಿನವರು ಮುಂಗಡ ಕೇಳುತ್ತಿದ್ದಾರೆ. ಹೆಸರು ಕೊಟ್ಟವರಲ್ಲಿ ಅರ್ಧ ಜನ ಹಣ ಕೊಟ್ಟಿಲ್ಲ.