ವರ್ತುಲ ರಸ್ತೆಯಾಚೆ ಮನೆ ಕೊಳ್ಳುವ ಮುನ್ನ ಸಂಪಿನ ಮುಚ್ಚಳ ತೆಗೆಸಿ

ಮೈಸೂರಿನ ವರ್ತುಲ ರಸ್ತೆಯಾಚೆ, ಬೋಗಾದಿ, ಇಲವಾಲ, ರಮ್ಮನಹಳ್ಳಿಗಳ ಕಡೆ ಮನೆ ನೋಡಲು ಹೋಗುವವರು ಭಾನುವಾರ ಬೆಳಿಗ್ಗೆ ಹೊರಟು, ಅಡುಗೆಮನೆಯ ಗ್ರಾನೈಟ್ ಕಟ್ಟೆಯನ್ನೂ ದೇವರಮನೆಯ ತೇಗದ ಬಾಗಿಲನ್ನೂ ಮೆಚ್ಚಿ, ಊಟದ ಹೊತ್ತಿಗೆ ಮುಂಗಡ ಕೊಟ್ಟು ಬಂದುಬಿಡುತ್ತಾರೆ. ನಮ್ಮ ನೆಂಟರಲ್ಲೇ ಮೂವರು ಹೀಗೆ ಮಾಡಿ, ಶಿವರಾತ್ರಿ ಕಳೆಯುವಷ್ಟರಲ್ಲಿ ಟ್ಯಾಂಕರಿನವನ ಫೋನ್ ನಂಬರನ್ನು ಬಾಯಿಪಾಠ ಮಾಡಿಕೊಂಡಿದ್ದರು.

ಮೊದಲು ಕಾಗದಪತ್ರ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಸ್ವತ್ತಾದರೆ ಇ-ಸ್ವತ್ತಿನ, ಅಂದರೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯ, ನಮೂನೆ 9 ಮತ್ತು 11ಎ ಕೇಳಿ. ಅನುಮೋದನೆಯಿಲ್ಲದ ಸ್ವತ್ತಿಗೆ ನೀಡುವ 11ಬಿ ಕೊಟ್ಟರೆ ವಕೀಲರಿಗೆ ತೋರಿಸದೆ ಮುಂದೆ ಮಾತಾಡಬೇಡಿ. ಸ್ವತ್ತಿನ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರ (ಇ.ಸಿ.) ಆನ್‌ಲೈನಿನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಹೋಗಬೇಕು.

ಎಲ್ಲರೂ ಎಡವುವುದು ನೀರಿನ ವಿಷಯದಲ್ಲಿ. ಹೊಂಗಳ್ಳಿ, ಮೇಳಾಪುರಗಳಿಂದ ಬರುವ ಕಾವೇರಿ ನೀರಾಗಲಿ, ಬಿದರಗೂಡಿನಿಂದ ಬರುವ ಕಬಿನಿ ನೀರಾಗಲಿ ನಗರಕ್ಕೆ ಬರುತ್ತದೆ ಎಂದ ಮಾತ್ರಕ್ಕೆ ನೀವು ನೋಡುತ್ತಿರುವ ಬೀದಿಗೂ ಬರುತ್ತದೆ ಎಂದಲ್ಲ. ಗೇಟಿನ ಬಳಿ ಕೊಳಾಯಿ ಪೈಪು ಕಂಡರೆ ಸಾಲದು, ಅದರಲ್ಲಿ ಯಾವ ವಾರ, ಎಷ್ಟು ಗಂಟೆಗೆ, ಎಷ್ಟು ಹೊತ್ತು ನೀರು ಬರುತ್ತದೆ ಎಂದು ಕೇಳಬೇಕು. ಅದನ್ನೂ ಮಾರುವವರನ್ನಲ್ಲ, ಎದುರುಮನೆಯಲ್ಲಿ ಅಂಗಳ ತೊಳೆಯುತ್ತಿರುವವರನ್ನು. ಬಳಿಕ ಸಂಪಿನ ಮುಚ್ಚಳ ತೆಗೆಸಿ ಟಾರ್ಚ್ ಬಿಡಿ. ಗೋಡೆಯ ಮೇಲಿನ ಕಲೆಗೆರೆ ನೀರು ಸಾಮಾನ್ಯವಾಗಿ ಎಲ್ಲಿಯವರೆಗೆ ನಿಲ್ಲುತ್ತದೆಂದು ಹೇಳುತ್ತದೆ. ಸಂಪು ಇಂದು ತುಂಬಿ ತುಳುಕುತ್ತಿದ್ದು ಗೆರೆ ಮಾತ್ರ ಮೊಣಕಾಲೆತ್ತರದಲ್ಲಿದ್ದರೆ, ನಿಮಗಾಗಿಯೇ ಟ್ಯಾಂಕರ್ ತರಿಸಿರಬಹುದು. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರಿಗೆ 540 ಲೀಟರ್ ಬೇಕು. 6,000 ಲೀಟರಿನ ಸಂಪು ತುಂಬಿದ್ದರೂ ಹನ್ನೊಂದು ದಿನ ದಾಟುವುದಿಲ್ಲ. ಬಚ್ಚಲಿನ ನಲ್ಲಿಗಳ ಮೂತಿಯಲ್ಲಿ ಬಿಳಿಯ ಗಟ್ಟಿ ಪೊರೆ ಕಂಡರೆ, ಸೋಪು ಉಜ್ಜಿದಷ್ಟೂ ನೊರೆ ಏಳದಿದ್ದರೆ, ಆ ಮನೆ ನಡೆಯುತ್ತಿರುವುದು ಬೋರ್‌ವೆಲ್‌ನ ಗಡಸು ನೀರಿನಿಂದ. ಅಂಥ ನೀರು ಸೋಲಾರ್ ಹೀಟರಿನ ಕೊಳವೆಗಳಲ್ಲಿ ಸುಣ್ಣ ಕಟ್ಟಿಸುತ್ತದೆ. ಪೈಪಿಗೆ ಅಯಸ್ಕಾಂತ ಬಿಗಿದರೆ ಗಡಸು ಹೋಗುತ್ತದೆಂದು ಮಾರುವ ಡಬ್ಬಿಗಳಿಗೆ ದಯವಿಟ್ಟು ಹಣ ಸುರಿಯಬೇಡಿ. ನಾನು ಸುರಿದಿದ್ದೇನೆ, ಬಕೆಟ್ಟಿನ ಅಂಚಿನ ಬಿಳಿ ಹಾಗೆಯೇ ಇದೆ.

ಒಳಚರಂಡಿ ಸಂಪರ್ಕವೋ ಸೆಪ್ಟಿಕ್ ಟ್ಯಾಂಕೋ ಕೇಳಿ. ಹೊಸ ಬಣ್ಣದ ಗೋಡೆಯ ಬುಡಕ್ಕೆ ಅಂಗೈ ಒತ್ತಿ ನೋಡಿ; ಪುಟ್ಟಿಯಡಿ ಮುಚ್ಚಿಟ್ಟ ತೇವ ಅಲ್ಲಿ ತಣ್ಣಗೆ ತಾಗುತ್ತದೆ. ವಿಡಿಯೋ ಕಾಲ್‌ನಲ್ಲಿ ಮನೆ ನೋಡುವವರಿಗೆ ಇದಾವುದೂ ತಿಳಿಯದು.

ನೆರೆಹೊರೆಯನ್ನು ನೋಡಲು ವಾರದ ದಿನ, ಸಂಜೆ ಏಳರ ಮೇಲೆ, ಕಾರು ಬಿಟ್ಟು ಹೋಗಬೇಕೆಂಬುದು ನನ್ನ ಹಟ. ನಂದಿನಿ ಹಾಲಿನ ಬೂತ್, ಔಷಧಿ ಅಂಗಡಿ, ಹಿಟ್ಟಿನ ಗಿರಣಿ ನಡಿಗೆಯ ದೂರದಲ್ಲಿವೆಯೇ, ಬೀದಿದೀಪ ಉರಿಯುತ್ತವೆಯೇ ನೋಡಿ. ಇಲ್ಲೇ ಪಾರ್ಕ್, ಅಲ್ಲೇ ಶಾಲೆ ಬರುತ್ತದೆ ಎಂದು ದಲ್ಲಾಳಿ ಕೈ ತೋರಿದ ಖಾಲಿ ಜಾಗ ಅನುಮೋದಿತ ನಕ್ಷೆಯಲ್ಲಿ ಉದ್ಯಾನವೆಂದೋ ನಾಗರಿಕ ಸೌಲಭ್ಯದ ನಿವೇಶನವೆಂದೋ ಗುರುತಾಗಿರದಿದ್ದರೆ ಆ ಮಾತನ್ನು ಬೆಲೆಯಲ್ಲಿ ಸೇರಿಸಬೇಡಿ. ಹಿಂದಿರುಗುವಾಗ ಆ ಬಡಾವಣೆಯ ನಿಲ್ದಾಣದಲ್ಲೇ ನಿಂತು ನಗರ ಬಸ್ ಹಿಡಿಯಿರಿ, ಎಷ್ಟು ಹೊತ್ತು ಕಾದಿರೆಂದು ಗಡಿಯಾರ ನೋಡಿ ಬರೆದುಕೊಳ್ಳಿ.