ಟಿಪಿಎಸ್ ಸೆಟ್ಟಿಂಗ್: ನಾನು ಮಾಡಿಕೊಂಡ ರೀತಿ

ಟಿಪಿಎಸ್ ಅಂದರೆ ಥ್ರಾಟಲ್ ಪೊಸಿಷನ್ ಸೆನ್ಸರ್. ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು, ಅಂದರೆ ಥ್ರಾಟಲ್, ಎಷ್ಟು ತೆರೆದಿದೆ ಅಂತ ಎಂಜಿನ್ ಕಂಪ್ಯೂಟರ್‌ಗೆ (ಇಸಿಯು) ಹೇಳುವುದು ಇದರ ಕೆಲಸ. "ಟಿಪಿಎಸ್ ಸ್ವಲ್ಪ ತಿರುಗಿಸಿದ್ರೆ ಪಿಕಪ್ ಜಾಸ್ತಿ ಆಗುತ್ತೆ" ಅಂತ ಗ್ಯಾರೇಜುಗಳಲ್ಲಿ ಹೇಳುವುದುಂಟು. ನಂಬಬೇಡಿ. ಹೊಸದಾಗಿ ಪವರ್ ಏನೂ ಹುಟ್ಟುವುದಿಲ್ಲ, ಸೆಟ್ಟಿಂಗ್ ತಪ್ಪಿ ಹಾಳಾಗಿದ್ದ ಓಟ ಸರಿಯಾಗುತ್ತದೆ, ಅಷ್ಟೇ.

ನನ್ನ ಹಳೇ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ) ಪೆಟ್ರೋಲ್ ಕಾರಿನಲ್ಲಿ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ಓಟ, ಏರಿಳಿಯುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಒಮ್ಮೆ ಮುಗ್ಗರಿಸಿ ಆಮೇಲೆ ಎಳೆಯುತ್ತಿತ್ತು. ಮೈಲೇಜೂ ಇಳಿದಿತ್ತು.

ಮೊದಲು ಥ್ರಾಟಲ್ ಬಾಡಿಯ ಮಸಿ ತೆಗೆದೆ, ಕೇಬಲ್ ಬಿಗಿಯಾಗಿಲ್ಲ ಅಂತ ನೋಡಿಕೊಂಡೆ. ಬಟರ್‌ಫ್ಲೈ (ಥ್ರಾಟಲ್ ಒಳಗೆ ತಿರುಗುವ ತಟ್ಟೆ) ಪೂರ್ತಿ ಮುಚ್ಚದಿದ್ದರೆ ಸೆನ್ಸರ್ ಮುಟ್ಟಿ ಏನು ಪ್ರಯೋಜನ, ಅಲ್ವಾ?

ಟಿಪಿಎಸ್ ಒಳಗಿರುವುದು ಹಳೇ ರೇಡಿಯೋದ ವಾಲ್ಯೂಮ್ ಕಂಟ್ರೋಲ್ ಥರದ್ದೇ. ಮೂರು ವೈರ್: 5 ವೋಲ್ಟ್, ಅರ್ಥ್, ಸಿಗ್ನಲ್. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಕನೆಕ್ಟರ್ ಹಿಂದಿನಿಂದ ಗುಂಡುಸೂಜಿ ತೂರಿಸಿ ಮಲ್ಟಿಮೀಟರಿನಲ್ಲಿ ಸಿಗ್ನಲ್ ಅಳೆದೆ. ಮೀಟರಿನ ಕಪ್ಪು ವೈರನ್ನು ಸೆನ್ಸರಿನ ಅರ್ಥ್ ವೈರಿಗೇ ಕೊಡಿ, ಗಾಡಿಯ ಲೋಹದ ಮೈಗೆ ಬೇಡ. ಥ್ರಾಟಲ್ ಮುಚ್ಚಿದಾಗ 0.5 ವೋಲ್ಟ್ ಆಸುಪಾಸು ಇರಬೇಕಿತ್ತು, 0.8 ತೋರಿಸಿತು. ಅಂದರೆ ಕಾಲು ತೆಗೆದರೂ ಇಸಿಯುಗೆ ಥ್ರಾಟಲ್ ಸ್ವಲ್ಪ ತೆರೆದಿದೆ ಅನ್ನಿಸುತ್ತದೆ. ಹಾಗಾಗಿ ಇಸಿಯು ಐಡ್ಲಿಂಗ್‌ನ ಲೆಕ್ಕಕ್ಕೇ ಬರುವುದಿಲ್ಲ. ಇಳಿಜಾರಿನಲ್ಲಿ ಕಾಲು ತೆಗೆದಾಗ ಪೆಟ್ರೋಲ್ ಕಟ್ ಮಾಡುವ ಕೆಲಸವೂ ನಿಂತುಹೋಗುತ್ತದೆ.

ಸೆನ್ಸರಿನ ಎರಡು ಸ್ಕ್ರೂ ಸ್ವಲ್ಪವೇ ಸಡಿಲಿಸಿ, ಮೀಟರ್ ನೋಡುತ್ತಾ ಕೂದಲೆಳೆಯಷ್ಟು ತಿರುಗಿಸಿದೆ. ತಾಳ್ಮೆ ಬೇಕಾಗುವುದು ಇಲ್ಲೇ. ಸ್ಕ್ರೂ ಬಿಗಿ ಮಾಡುವಾಗ ಸೆನ್ಸರ್ ಮತ್ತೆ ಸರಿಯುತ್ತದೆ. ಒಂದೊಂದನ್ನೂ ಸ್ವಲ್ಪ ಸ್ವಲ್ಪ ಬಿಗಿಸಿ ಮತ್ತೆ ಅಳೆಯಬೇಕು. ನಿಮ್ಮ ಗಾಡಿಯ ಸರಿಯಾದ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಕೆಲವು ಗಾಡಿಗಳಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಐಡಲ್ ಸ್ವಿಚ್ ನೋಡುವ ಕ್ರಮವೂ ಇದೆ. ಥ್ರಾಟಲ್ ಎಲ್ಲಿಯವರೆಗೆ ಮುಚ್ಚಬೇಕು ಅಂತ ತಡೆಯುವ ಸ್ಟಾಪ್ ಸ್ಕ್ರೂ ಮಾತ್ರ ಮುಟ್ಟಬೇಡಿ.

ಆಮೇಲೆ ಥ್ರಾಟಲ್ಲನ್ನು ನಿಧಾನವಾಗಿ ಪೂರ್ತಿ ತೆರೆದೆ. ವೋಲ್ಟೇಜ್ ಎಲ್ಲೂ ಜಿಗಿಯದೆ 4.5ರ ಹತ್ತಿರ ಹೋಗಿ ನಿಂತಿತು. ಇದಕ್ಕೆ ಡಿಜಿಟಲ್‌ಗಿಂತ ಮುಳ್ಳಿನ ಮೀಟರೇ ವಾಸಿ. ನಡುವೆ ಮುಳ್ಳು ದಿಢೀರನೆ ಬಿದ್ದರೆ ಒಳಗಿನ ಟ್ರ್ಯಾಕ್ ಸವೆದಿದೆ ಅಂತ ಅರ್ಥ. ಅಂಥದ್ದನ್ನು ಸೆಟ್ ಮಾಡುತ್ತಾ ಕೂರಬೇಡಿ, ಹೊಸದು ಹಾಕಿಸಿ.

ಇಸಿಯು ಹಳೇ ಲೆಕ್ಕ ಮರೆಯಲಿ ಅಂತ ಬ್ಯಾಟರಿ ನೆಗೆಟಿವ್ ಸ್ವಲ್ಪ ಹೊತ್ತು ಬಿಚ್ಚಿಟ್ಟು ಹಾಕಿದೆ. ಈಗ ಐಡ್ಲಿಂಗ್ ಏರಿಳಿಯದೆ ಒಂದೇ ಸಮ ಇದೆ, ಮುಗ್ಗರಿಕೆ ಇಲ್ಲ. ಟಾಪ್ ಸ್ಪೀಡ್ ಮೊದಲಿದ್ದಷ್ಟೇ!

ಸೆನ್ಸರ್ ತಿರುಗಿಸಲು ಜಾಗವಿರುವಂತೆ ಅದರ ಸ್ಕ್ರೂ ತೂತುಗಳು ಉದ್ದಕ್ಕಿದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಿ. ಕೇಬಲ್ಲೇ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್ ಗಾಡಿಗಳಲ್ಲಿ ಇದು ನಡೆಯುವುದಿಲ್ಲ. ಅವಕ್ಕೆ ಸ್ಕ್ಯಾನರ್ ಬೇಕು.